ವರ್ಲೀನತ್ತೆಗೆ ಬೇಕಾದ ಒಂದು "ಇಲ್ಲ"

ಮೇಲ್ಮನವಿ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ನಮ್ಮ ಊರಿನ ನ್ಯಾಯಾಧೀಶರು ನಮಗೆ "ಇಲ್ಲ" ಎನ್ನಲಿಲ್ಲವೆಂಬ ಕಾರಣಕ್ಕೆ ತಾವು ನಮಗೆ "ಇಲ್ಲ" ಎಂದಿದ್ದೀರಿ. ತಮ್ಮ ಒಂದು ಸಾಲಿನ ಆದೇಶವನ್ನು ಎಷ್ಟೋ ಸಲ ಓದಿದೆ. ಗೌರವ ಹೆಚ್ಚಿತು, ಅರ್ಥ ಮಾತ್ರ ಆಗಲಿಲ್ಲ.

ನನ್ನ ಸೋದರತ್ತೆ ವರ್ಲೀನ್‌ಗೆ ತೊಂಬತ್ತು ದಾಟಿದೆ. ಅವಳ ಗಂಡ ಓರ್ವಲ್ ಮಾವನನ್ನು ಮಣ್ಣು ಮಾಡಿದ ನಮ್ಮ ಮನೆತನದ ಸ್ಮಶಾನಕ್ಕೆ ಪಕ್ಕದವರ ಜಮೀನು ದಾಟಿಯೇ ಹೋಗಬೇಕು. ಆ ಜಮೀನು ಕೊಂಡ ಹೊಸಬರು ಗೇಟಿಗೆ ಬೀಗ ಜಡಿದರು. "ಈ ದಾರಿ ಎಂದೆಂದಿಗೂ ನಿಮ್ಮದೇ" ಎಂದು ಹಳೆಯ ಮಾಲೀಕರು ಮಾತು ಕೊಟ್ಟಾಗ ಎದುರಿಗಿದ್ದವರಲ್ಲಿ ಉಳಿದಿರುವುದು ಅತ್ತೆ ಒಬ್ಬಳೇ. ಅವಳ ಹೇಳಿಕೆಯನ್ನು ಈಗಲೇ ದಾಖಲಿಸಲು ನಮ್ಮ ವಕೀಲ ಪ್ರೂಯಿಟ್ ಹೊರಟರು. ಹೊಸಬರು ತಕರಾರು ಹಾಕಿದರು. ತಕರಾರು ಇತ್ಯರ್ಥವಾಗುವ ತನಕ ಅತ್ತೆ ಬಾಯಿ ತೆರೆಯುವಂತಿಲ್ಲ. ಇತ್ಯರ್ಥ ಮಾಡಬೇಕಾದ ನ್ಯಾಯಾಧೀಶರು ವಸಂತದಿಂದ ಯೋಚಿಸುತ್ತಿದ್ದಾರೆ. ಈಗ ನಮ್ಮ ಟೆಕ್ಸಸ್ಸಿನಲ್ಲಿ ಪೀಕನ್ ಕಾಯಿ ಉದುರುವ ಶರತ್ಕಾಲ.

"ಏನಾದರೊಂದು ಆದೇಶ ಕೊಡಿ" ಎಂದು ಅವರಿಗೆ ಅಪ್ಪಣೆ ಮಾಡುವ ಅಧಿಕಾರ ತಮಗಿದೆ. ಮ್ಯಾಂಡಮಸ್ ಅಂದರೆ ಅದೇ ಅಲ್ಲವೇ? ಆದರೆ ಮೊದಲು ನಾವು ಅವರನ್ನು ಒತ್ತಾಯಿಸಿ ಕೇಳಿರಬೇಕು, ಅವರು ಕೊಡದೇ ಇದ್ದದ್ದಕ್ಕೆ ದಾಖಲೆ ಬೇಕು ಎನ್ನುತ್ತೀರಿ. ಅತ್ತೆ ಚರ್ಚಿನ ಊಟದಲ್ಲಿ ಅವರ ತಟ್ಟೆಗೆ ಪೀಚ್ ಹಣ್ಣಿನ ಸಿಹಿ ಬಡಿಸುತ್ತ ಕೇಳಿಯೇಬಿಟ್ಟಿದ್ದಳು:

"ಜಡ್ಜ್ ಸಾಹೇಬ್ರೇ, ನನ್ ವಿಷ್ಯ ಏನಾಯ್ತಪ್ಪಾ?"

"ನೋಡೋಣ, ವರ್ಲೀನಮ್ಮ. ಇನ್ನೊಂಚೂರು ಬಡ್ಸಿ."

ಅದು ದಾಖಲೆಯಲ್ಲವಂತೆ. ಸರಿ, ನೀವೇ ಬರೆದು ಕೇಳಿ ಎಂದು ಪ್ರೂಯಿಟ್ ಅವರ ಬೆನ್ನುಬಿದ್ದೆ.

"ಒಂದ್ಸಲ ಅರ್ಜಿ ಹಾಕಿದ್ದಾಯ್ತಲ್ಲ ನೆಲ್ಡಾ. ಈ ಊರಲ್ಲಿ ಜಡ್ಜ್‌ನ ಎರಡ್ಸಲ ಕೇಳೋದು ಮರ್ಯಾದೆ ಅಲ್ಲ. ನಮ್ಮಪ್ಪ ಜೀವಮಾನವೆಲ್ಲಾ ವಕೀಲಿ ಮಾಡಿದ್ರು, ಒಂದಿನಾನೂ ಎರಡ್ಸಲ ಕೇಳ್ಲಿಲ್ಲ."

"ಗೆದ್ದಿದ್ದೆಷ್ಟು ಕೇಸು?"

"ಅದು ಬೇರೆ ಮಾತು ಬಿಡಮ್ಮ."

ಮಾನ್ಯರೇ, ತಪ್ಪು ಆದೇಶ ಕೊಟ್ಟ ನ್ಯಾಯಾಧೀಶರ ಕಿವಿಯನ್ನು ತಾವು ಚೆನ್ನಾಗಿಯೇ ಹಿಂಡುತ್ತೀರಿ. ಮೊನ್ನೆ ಒಂದು ವಿಮಾ ಕಂಪನಿ ಬೇಡಿದ ತಕ್ಷಣ ಹಿಂಡಿದಿರಿ. ಆದೇಶವನ್ನೇ ಕೊಡದವರ ಕಿವಿ ಮಾತ್ರ ತಮ್ಮ ಕೈಗೆ ಸಿಗುವುದಿಲ್ಲ. ಹಾಗಾದರೆ ಎಂದೂ ತಪ್ಪು ಮಾಡದ ನ್ಯಾಯಾಧೀಶರಾಗುವುದು ಎಷ್ಟು ಸುಲಭ! ವಿಚಾರಣೆಯೆಲ್ಲ ಮುಗಿದ ಮೇಲೆ ಮೇಲ್ಮನವಿ ಹಾಕಿಕೊಳ್ಳಲಿ ಎಂದು ಹೊಸಬರ ವಕೀಲರು ತಮ್ಮೆದುರು ಹೇಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ಅಷ್ಟೊಂದು ಕಾನೂನು ಓದಬೇಕೇ?

ಕಳೆದ ತಿಂಗಳ ಒಂದು ಭಾನುವಾರ ಅತ್ತೆಯನ್ನು ಆ ಗೇಟಿನ ತನಕ ಕರೆದೊಯ್ದೆ. ಕಾರಿನಲ್ಲೇ ಕೂತು ಬೀಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಒಳಗೆ ಯಾರಿದ್ದಾರೆ ಕಣೇ?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನವೇ ಪ್ರೂಯಿಟ್ ಸಂಕೋಚ ನುಂಗಿಕೊಂಡು ಬರವಣಿಗೆಯಲ್ಲಿ ಕೇಳಿದರು. ಇವತ್ತಿಗೂ ಉತ್ತರವಿಲ್ಲ. ನಮ್ಮ ಹೊಸ ಅರ್ಜಿ ತಮ್ಮ ಮುಂದಿದೆ. ನಮ್ಮ ಪರವಾಗಿ ಆದೇಶ ಕೊಡಿಸಿ ಎಂದು ನಾವು ಬೇಡುತ್ತಿಲ್ಲ. ಹೌದೋ ಇಲ್ಲವೋ, ಈ ವಾರದಲ್ಲೇ ಹೇಳಿಬಿಡಿ ಎಂದು ಅವರಿಗೆ ಅಪ್ಪಣೆ ಮಾಡಿ. "ಇಲ್ಲ" ಎಂದರೂ ಸರಿ, ಅದನ್ನು ಹಿಡಿದುಕೊಂಡು ತಮ್ಮ ಬಾಗಿಲಿಗೆ ಓಡಿ ಬರುತ್ತೇವೆ. ಅತ್ತೆಗೆ ಬೆಳಗಿನ ಹೊತ್ತು ಇನ್ನೂ ಎಲ್ಲ ನೆನಪಿರುತ್ತದೆ.

ಇಂತಿ,
ತಮ್ಮನ್ನು ಇನ್ನೂ ನಂಬಿಕೊಂಡು ಊರವರ ನಗೆಗೆ ಗುರಿಯಾಗಿರುವ
ನೆಲ್ಡಾ ಹಕಬಿ