ಕುಂತಿಯ ಮಗ್ಗುಲಿನ ಕೆಂಪು ಮೋಡ

ಮೇಲವಂಕಿ
3 ಜನವರಿ 2025, ಶುಕ್ರವಾರ

ಪ್ರೀತಿಯ ಮಾಳು,

ಹೇಗಿದ್ದೀಯ? ಎದುರಿಗಿದ್ದಾಗ ‘ರೀ’ ಎನ್ನುವವಳು ಕಾಗದದಲ್ಲಿ ‘ನೀನು’ ಎನ್ನುತ್ತಿದ್ದಾಳೆಂದು ನಗಬೇಡ. ಬರೆಯಲು ಕೂತರೆ ನನಗೆ ಎಲ್ಲಿಂದಲೋ ಧೈರ್ಯ ಬರುತ್ತದೆ.

ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೋದ ಸಲ ಹೊಳೆಪ್ಪ ಹಿಟ್ಟು, ಖಾರದ ಪುಡಿ ಹೇರಿಕೊಂಡು ನಿಮ್ಮ ಕುರಿದಡ್ಡಿಗೆ ಹೊರಟಾಗಲೇ ಅವನ ಕೈಯಲ್ಲಿ ಕಾಗದ ಕೊಡಬೇಕೆಂದಿದ್ದೆ. ನಾಲ್ಕು ಸಾಲು ಬರೆದು ಹರಿದುಹಾಕಿದೆ. ಫೋನ್ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದರಲ್ಲಿ ನಾವಾಡುವ ಮಾತು ನಿನಗೂ ಗೊತ್ತು. “ಊಟ ಆತ್ರಿ?” “ಆತು. ನಿಂದ?” “ಆತ್ರಿ. ಕುರಿ ಹೆಂಗದಾವು?” “ಅದಾವು.” ಆಮೇಲೆ ಗಾಳಿಯ ಸದ್ದು, ದೂರದಲ್ಲೊಂದು ಮರಿಯ ಕೂಗು. ಅಷ್ಟರಲ್ಲಿ ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಹೋದದ್ದು ಸಿಗ್ನಲ್ಲೋ ನೀನೋ, ಒಮ್ಮೊಮ್ಮೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಎಲ್ಲರೂ ಆರಾಮ. ಮಾವನ ಮೊಣಕಾಲು ಮಾತ್ರ ಚಳಿಗೆ ಹಿಡಿದುಕೊಂಡಿದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಬುತ್ತಿ ಬಿಚ್ಚಿ ಉಂಡು ಬಂದೆವು. ಅತ್ತೆ “ಮಾಳೂಗ ಇದಂದ್ರ ಜೀವ” ಎಂದು ಎರಡು ಸಜ್ಜೆ ಕಡಬು ತೆಗೆದಿಟ್ಟಿದ್ದರು. ಮರುದಿನ ತಾವೇ ತಿಂದರು, ನನಗೆ ಬೆನ್ನು ಹಾಕಿ ಕೂತು. ಪ್ರತಿವರ್ಷ ಹಿಂಡಿನ ಜೊತೆ ಹೋಗುತ್ತಿದ್ದ ಸತ್ಯಪ್ಪ ಕಾಕಾ ಕಟ್ಟೆಯ ಮೇಲೆ ಕೂತು, “ನಿನ್ನ ಗಂಡ ನನ್ನ ಪಾಳಿ ಕಸಗೊಂಡಾನ ನೋಡವಾ” ಎಂದು ನಗುತ್ತಾನೆ. ನಾನೂ ನಗುತ್ತೇನೆ.

ನಿನಗೆ ಹೇಳದ ಸುದ್ದಿಯೊಂದಿದೆ. ನಾನು ತಂಪು ಕ್ಯಾಮೆರಾ ತಂದಿದ್ದೇನೆ.

ದಸರೆ ಮುಗಿದು ನೀನು ಹೊರಟ ವಾರವೇ ಹುಕ್ಕೇರಿಗೆ ಹೋಗಿದ್ದೆ. ಸುಮನ್ ನೆನಪಿದ್ದಾಳಲ್ಲ? ಗೋಕಾಕದಲ್ಲಿ ನನ್ನ ಜೊತೆ ಬಿ.ಎಸ್ಸಿ. ಓದಿದವಳು. ಈಗ ಹುಕ್ಕೇರಿಯ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ, ಆಕಾಶದ ಫೋಟೋ ತೆಗೆಯುವವರದೊಂದು ಪುಟ್ಟ ಗುಂಪು ಕಟ್ಟಿಕೊಂಡಿದ್ದಾಳೆ. ಮದುವೆಯಾದ ವರ್ಷ ನೀನು ಕೊಡಿಸಿದ ದೂರದರ್ಶಕಕ್ಕೆ ನಾನು ಇಷ್ಟು ದಿನ ಹಳೆಯ ಕ್ಯಾಮೆರಾ ಕಟ್ಟಿ ತೆಗೆಯುತ್ತಿದ್ದೆನಲ್ಲ, ಚಿತ್ರದ ತುಂಬ ಕೆಂಪು ನೀಲಿ ಕಾಳು ಚೆಲ್ಲಿದ ಹಾಗೆ ಬರುತ್ತಿತ್ತು. ನಮ್ಮ ಸೀಮೆಯ ಸೆಕೆಗೆ ಕ್ಯಾಮೆರಾದ ಕಣ್ಣು ಕಾದು, ಇಲ್ಲದ ಬೆಳಕನ್ನೂ ಇದೆ ಎನ್ನುತ್ತದೆ. ತಂಪು ಕ್ಯಾಮೆರಾದ ಒಳಗೆ ಒಂದು ಪುಟ್ಟ ಬಿಲ್ಲೆ ಕರೆಂಟು ಕುಡಿದು, ಆ ಕಣ್ಣನ್ನು ಮಂಜುಗಡ್ಡೆಗಿಂತ ತಣ್ಣಗೆ ಇಡುತ್ತದೆ. ಆಗ ಅದು ಸುಳ್ಳು ಹೇಳುವುದು ಕಡಿಮೆ.

ಸುಮನ್ ಗುಂಪಿನವರು ಬಳಸಿ ಬಿಟ್ಟ ಮೂರು ಕ್ಯಾಮೆರಾಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟಿದ್ದಳು. ಒಂದು ಅಗಲ ಕಣ್ಣಿನದು. ನನ್ನ ಆಸೆಯೆಲ್ಲ ಅದರ ಮೇಲೆ. ಆದರೆ ಅದರ ಮೂಲೆಯಲ್ಲಿ ಯಾರೋ ದೀಪ ಹಚ್ಚಿಟ್ಟಂತೆ ತನ್ನದೇ ಒಂದು ಹೊಳಪು. ಇನ್ನೊಂದು ಕಪ್ಪು-ಬಿಳುಪಿನದು, ಬಹಳ ಚುರುಕು. ಬಣ್ಣ ಬೇಕೆಂದರೆ ಮಾತ್ರ ಒಂದೊಂದು ಬಣ್ಣದ ಗಾಜು ಹಾಕಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯಬೇಕು. ಮೂರನೆಯದು ಸಣ್ಣ ಚೌಕ ಕಣ್ಣಿನದು. ಮೂಲೆಯಲ್ಲಿ ಹೊಳಪಿಲ್ಲ, ಬಣ್ಣ ತಾನೇ ಕೊಡುತ್ತದೆ.

“ನಿನಗ ಸಿಗೂ ರಾತ್ರಿ ಎಷ್ಟ ಹೇಳ? ಬೆಳಗಾದ್ರ ಮೂಡಲಗಿ ಬಸ್ ಹತ್ತಿ ಕಾಲೇಜಿಗೆ ಹೋಗಾಕಿ ನೀ. ಗಾಜು ಬದಲಿಸಕೋತ ಕುಂದರಾಕ ಆಗತೈತೇನ? ಸಣ್ಣದ ಒಯ್ಯಿ” ಎಂದಳು.

“ಇದರಾಗ ಆಕಾಶ ಭಾಳ ಕಡಿಮಿ ಹಿಡಸ್ತೈತಲ್ಲೇ” ಎಂದೆ.

“ಹಿಡಿದಷ್ಟ ಚಂದಂಗಿ ಹಿಡಿ.”

ಬಳಸಿದ ಮಾಲು, ನೋಡಿ ಕೊಳ್ಳಬೇಕಲ್ಲ. ಅವಳೆದುರಿಗೇ ಟಾರ್ಚ್ ಬಿಟ್ಟು ಗಾಜಿನ ಒಳಗೆ ಒಣಗಿದ ನೀರಿನ ಕಲೆ ಇದೆಯೇ ಎಂದು ನೋಡಿದೆ. ತಂಪಿಗಿಟ್ಟು, ನಾವು ಚಹ ಕುಡಿದು ಮುಗಿಸುವ ತನಕ ಅದು ಇಟ್ಟ ಉಷ್ಣತೆಯಲ್ಲೇ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ನಿಂತಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು, ಸೆರಗು ಮುಚ್ಚಿ ಕೂತಿದ್ದೆ. ಪಕ್ಕದ ಸೀಟಿನ ಮುದುಕಿ ಬಗ್ಗಿ ನೋಡಿದಾಗ ಸೆರಗನ್ನು ಇನ್ನಷ್ಟು ಎಳೆದುಕೊಂಡೆ.

“ಥಂಡಿ ಮಾಡಾಕ ಅದೇನ್ ಕುಲ್ಫಿ ಏನ?” ಎಂದರು ಅತ್ತೆ, ಅದರ ಹಿಂಬದಿಯ ಪುಟ್ಟ ಫ್ಯಾನು ತಿರುಗುವುದನ್ನು ನೋಡಿ.

ಮೊದಲ ಸಂಜೆಯೇ ಅದು ಮುನಿಸಿಕೊಂಡಿತು. ಚಾಲೂ ಆಗುತ್ತದೆ, ತಣ್ಣಗಾಗುತ್ತ ಹೋಗುತ್ತದೆ, ಇನ್ನೇನು ಸೊನ್ನೆ ದಾಟಬೇಕು, ಲ್ಯಾಪ್‌ಟಾಪಿನಿಂದ ಸಂಪರ್ಕ ಕಡಿದು ಬೀಳುತ್ತದೆ. ಮತ್ತೆ ಹಚ್ಚಿದರೆ ಮತ್ತೆ ಅದೇ ಆಟ. ಕೇಬಲ್ ಬದಲಿಸಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಸುಮನ್ ಮೋಸ ಮಾಡಿದಳೇ ಎಂಬ ಕೆಟ್ಟ ಯೋಚನೆಯೂ ಬಂದು ಹೋಯಿತು. ಆಮೇಲೆ ಮೀಟರ್ ಹಿಡಿದು ನೋಡಿದರೆ ತಪ್ಪು ನನ್ನ ವಯರಿನದು. ಪಡಸಾಲೆಯ ಬ್ಯಾಟರಿಯಿಂದ ಹಿತ್ತಿಲ ತನಕ ತೆಳ್ಳನೆಯ ಉದ್ದ ವಯರು ಎಳೆದಿದ್ದೆ. ತಂಪು ಮಾಡುವ ಬಿಲ್ಲೆ ಜೋರಾಗಿ ಕರೆಂಟು ಎಳೆದಾಗ, ಅಲ್ಲಿಂದ ಹೊರಟ ಹನ್ನೆರಡು ವೋಲ್ಟು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು. ಮಾವನಿಗೆ ಹೇಳಿದೆ. “ಕಾಲುವಿ ಕೊನಿ ಹೊಲದಂಗ ಅನ್ನು” ಎಂದರು. ಗೋಕಾಕದಲ್ಲಿ ಬ್ಯಾಟರಿ ಅಂಗಡಿಯ ಕಾಶಿನಾಥನ ಹತ್ತಿರ ದಪ್ಪ ವಯರು ಮಾಡಿಸಿ, ಬ್ಯಾಟರಿಯನ್ನೇ ಕ್ಯಾಮೆರಾದ ಬುಡಕ್ಕೆ ತಂದಿಟ್ಟೆ. ಆ ಸಂಜೆ ಅದು ಸೊನ್ನೆ ದಾಟಿ ಹತ್ತು ಡಿಗ್ರಿ ಕೆಳಗಿಳಿದು, ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಕೂತಿತು.

ಅದು ಸರಿಹೋಯಿತೆನ್ನುವಾಗ ಇನ್ನೊಂದು. ಕಬ್ಬಿಗೆ ನೀರು ಬಿಟ್ಟ ವಾರ, ಪ್ರತಿ ಚಿತ್ರದಲ್ಲೂ ನಡುವಿನಿಂದ ತುಸು ಪಕ್ಕಕ್ಕೆ, ಯಾರೋ ಉಸಿರು ಬಿಟ್ಟಂತೆ ಮಸುಕು ಕಲೆ. ಮುಂದಿನ ಗಾಜಿಗೆ ಇಬ್ಬನಿ ಇಳಿದಿರಬೇಕೆಂದು ಒರೆಸಿದೆ, ಹೋಗಲಿಲ್ಲ. ಕ್ಯಾಮೆರಾ ತಿರುಗಿಸಿ ಹಾಕಿ ನೋಡಿದರೂ ಕಲೆ ಚಿತ್ರದ ಅದೇ ಜಾಗದಲ್ಲಿ. ತಂಪು ನಿಲ್ಲಿಸಿದರೆ ನಿಧಾನಕ್ಕೆ ಕರಗುತ್ತಿತ್ತು. ಅಂದರೆ ಹಿಮ ಕಟ್ಟಿದ್ದು ಒಳಗೆ, ಕಣ್ಣಿನ ಮೇಲೇ. ಒಳಗಿನ ತೇವ ಹೀರಲೆಂದು ಸಣ್ಣ ಹರಳುಗಳಿರುತ್ತವೆ. ಒಣಗಿದ್ದಾಗ ಕಿತ್ತಳೆ ಬಣ್ಣ, ನೀರು ಕುಡಿದರೆ ಹಸಿರು. ಬಿಚ್ಚಿ ನೋಡಿದರೆ ಎಲ್ಲವೂ ಹಸಿರು! ಅತ್ತೆ ಹಳೆಯ ಹಂಚು ಕೊಟ್ಟು, “ನೀ ಸುಡತಿ, ಕೊಡ ಇಲ್ಲೆ” ಎಂದು ತಾವೇ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕೂತರು. ಬಣ್ಣ ತಿರುಗಿದಾಗ ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು. “ಹೆಸರಕಾಳ ಹೋಗಿ ತೊಗರಿಬ್ಯಾಳಿ ಆದುವಲ್ಲೇ, ಅರ್ಚನಾ!” ಮಾಳು, ಶ್ರಾವಣದ ಮೇಲೆ ಅವರು ಹಾಗೆ ದನಿಯೆತ್ತಿ ನಕ್ಕದ್ದು ಅದೇ ಮೊದಲು.

ಹಿತ್ತಿಲಲ್ಲಿ ಕೂತಿರುವುದು ಈಗ ರೂಢಿಯಾಗಿದೆ. ಬಡಗಣಕ್ಕೆ ಬರೀ ಕಬ್ಬು, ದೀಪವಿಲ್ಲ. ದೂರದರ್ಶಕದ ಪೀಠವು, ಭೂಮಿ ತಿರುಗಿದಷ್ಟೇ ಹಿಂದಕ್ಕೆ ತಿರುಗುತ್ತದೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ. ನಾನು ನಿನ್ನ ಕಂಬಳಿ ಹೊದ್ದಿರುತ್ತೇನೆ. ಕಬ್ಬಿನ ಗರಿ ಸದ್ದು ಮಾಡುತ್ತದೆ, ಎಲ್ಲಿಯೋ ಪಂಪಿನ ನೀರು ಬೀಳುತ್ತದೆ, ಆಕಾಶ ತಲೆಯ ಮೇಲೆ ಹಾಯುತ್ತಿರುತ್ತದೆ. ನನಗೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನೀನೂ ಎಲ್ಲಿಯೋ ಕಪ್ಪು ಹೊಲದಲ್ಲಿ ಮಲಗಿ ಇದನ್ನೇ ನೋಡುತ್ತಿದ್ದೀ ಎಂದುಕೊಂಡರೆ ಹಿತ್ತಿಲು ಹಿಗ್ಗುತ್ತ ಹಿಗ್ಗುತ್ತ ನಿಮ್ಮ ದಡ್ಡಿಯ ತನಕ ಬಂದಂತೆನಿಸುತ್ತದೆ.

ಕೊನೆಗೆ ಮುಚ್ಚಳ ಹಾಕಿ ಒಂದಷ್ಟು ಚಿತ್ರ ತೆಗೆಯಬೇಕು. “ಮುಚ್ಚಿಟ್ಟ ಮ್ಯಾಲೆ ಏನ್ ಬರತೈತಿ ಅದರಾಗ?” ಎಂದು ಮಾವ ಕೇಳಿದರು. ಕತ್ತಲೆ ಬರುತ್ತದೆ, ಕತ್ತಲೆಯ ಮೇಲೆ ಕ್ಯಾಮೆರಾದ ಸ್ವಂತ ಕಲೆಗಳು ಬರುತ್ತವೆ. ಅವನ್ನು ಬೆಳಕಿನ ಚಿತ್ರದಿಂದ ಕಳೆದರೆ ಉಳಿಯುವುದು ಖರೆ ಆಕಾಶ. ಹಾಗೆ ಹೇಳಿದಾಗ ಅವರು, “ಮನಷ್ಯಾಗೂ ಹಂಗ ಮಾಡಾಕ ಬರಬೇಕಿತ್ತು” ಎಂದು ಎದ್ದು ಹೋದರು.

ಉತ್ತರದಲ್ಲಿ ಓರೆಯಾಗಿ ಬರೆದ ಡಬ್ಲ್ಯುದ ಹಾಗೆ ಐದು ಚುಕ್ಕಿಗಳಿವೆ, ಕುಂತಿ ನಕ್ಷತ್ರಪುಂಜ. ಅದರ ಮಗ್ಗುಲಿಗೆ ಎರಡು ಕೆಂಪು ಮೋಡ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಒಂದಕ್ಕೆ ಹೃದಯ ಎಂದು ಹೆಸರು. ನಾನು ಹೊರಟದ್ದು ಅದಕ್ಕೇ. ನನ್ನ ಚೌಕ ಕಣ್ಣಿಗೆ ಅದು ಹಿಡಿಸಲಿಲ್ಲ, ಎಲ್ಲ ಕಡೆ ಅಂಚು ಕತ್ತರಿಸಿತು. ಪಕ್ಕದ್ದು ಓರೆಯಾಗಿ ಮಲಗಿಸಿದರೆ ಸರಿಯಾಗಿ ಕೂತಿತು. ನಕ್ಷೆಯಲ್ಲಿ ಅದರ ಹೆಸರು ಆತ್ಮ. ಸರಿ, ಆತ್ಮವೇ ಇರಲಿ ಎಂದು ಡಿಸೆಂಬರಿನ ಕತ್ತಲ ಸಂಜೆಗಳನ್ನೆಲ್ಲ ಅದರ ಮೇಲೇ ಸುರಿದೆ. ಅಮಾವಾಸ್ಯೆಯ ದಿನ ಕೊನೆಯ ಚಿತ್ರಗಳು ಬಂದವು. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ, ಕಲೆ ಕಳೆದು, ಮೊನ್ನೆ ಸಂಜೆ ಪಡಸಾಲೆಯಲ್ಲಿ ಲ್ಯಾಪ್‌ಟಾಪು ತೆರೆದೆ. ಕಪ್ಪಿನೊಳಗಿಂದ ಕೆಂಪು ಮೆಲ್ಲಗೆ ಮೇಲೆದ್ದು ಬಂತು.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. ಬೆರಳನ್ನು ಗಾಜಿಗೆ ತಾಗಿಸದೆ ಚಿತ್ರದ ಸುತ್ತ ಆಡಿಸಿದರು. “ಕೂಸು ಮಲಗಿದಂಗ ಐತಲ್ಲವಾ ಇದ. ತಲಿ ಇಲ್ಲೆ, ಹೊಟ್ಟಿ ಇಲ್ಲೆ…” ಎಂದವರು ಅಲ್ಲಿಗೇ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆ ಶಬ್ದ ನಮ್ಮ ಮನೆಯಲ್ಲಿ ಎಷ್ಟು ದಿನದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ!

“ಅನಬಾರದಿತ್ತು. ಬಾಯಿಗೆ ಬಂದಬಿಟ್ಟಿತು” ಎಂದರು.

“ಇರಲಿ ಬಿಡ್ರಿ ಅತ್ತಿ. ಖರೇನ ಹಂಗ ಕಾಣತೈತಿ.”

ಮಾವ ಕೋಲು ಊರಿಕೊಂಡು ಹತ್ತಿರ ಬಂದರು. “ಅಲ್ಲೆ ಏನ್ ನಡದೈತಿ?”

“ಹೊಸಾ ಚುಕ್ಕಿ ಹುಟ್ಟಾಕತ್ತಾವ್ರಿ.”

ಅವರು ಬಹಳ ಹೊತ್ತು ನೋಡಿ, “ಹುಟ್ಟಲಿ” ಎಂದರು. ಅಷ್ಟೇ.

ಸುಮನ್‌ಗೆ ಫೋನ್ ಮಾಡಿದರೆ, ಎಷ್ಟೋ ಜನ ಆ ಮೋಡವನ್ನು ಕೂಸಿನ ನೀಹಾರಿಕೆ ಎಂದೇ ಕರೆಯುತ್ತಾರಂತೆ. ನನಗೆ ಗೊತ್ತಿರಲಿಲ್ಲ, ಮಾಳು. ಗೊತ್ತಿದ್ದರೆ ಆ ಕಡೆ ತಿರುಗಿಸುತ್ತಿದ್ದೆನೋ ಇಲ್ಲವೋ. ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದರು. ಬಾಣಂತಿಗೆ ಹಚ್ಚಬೇಕಾದ ಎಣ್ಣೆ ಅದು, ತಡವಾಗಿ ಹಚ್ಚುತ್ತಿದ್ದಾರೆ ಎಂದು ಇಬ್ಬರಿಗೂ ತಿಳಿದಿತ್ತು.

ಚಿತ್ರವನ್ನು ಗೋಕಾಕದಲ್ಲಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಬಿಸಿಲಿಗೆ ಹಿಡಿದು ನೋಡು, ಬಣ್ಣ ಚೆನ್ನಾಗಿ ಬಿಡುತ್ತದೆ.

ಹೊಳೆಪ್ಪ ಗಾಡಿ ಚಾಲೂ ಮಾಡಿ ಕಾಯುತ್ತಿದ್ದಾನೆ. ಚಳಿಗೆ ಕಿವಿ ಕಟ್ಟಿಕೋ. ಮಾವ ತಮ್ಮ ಆಶೀರ್ವಾದ ಹೇಳಿದ್ದಾರೆ, ಕುರಿಗಳಿಗೂ ಹೇಳಿದ್ದಾರೆ. ಅತ್ತೆ, “ಉಣ್ಣಾಕ ಬ್ಯಾಸರಾ ಮಾಡಕೋಬ್ಯಾಡಂತ ಬರಿ” ಎಂದರು. ನೀನು ನಡೆವ ದಾರಿಯಲ್ಲಿ ಮುಳ್ಳಿರದಿರಲಿ, ಮಲಗಿದ ನೆಲ ಬೆಚ್ಚಗಿರಲಿ.

ನಿನ್ನ
ಅರ್ಚನಾ

ತಾ.ಕ.: ಇಷ್ಟುದ್ದ ಬರೆದದ್ದು ಇದೊಂದನ್ನು ಬರೆಯಲಿಕ್ಕೆ. ಶ್ರಾವಣದ ಆ ದಿನ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ನೀನು ಮಂಚದ ಪಕ್ಕ ನಿಂತಿದ್ದೆ. ತಲೆ ಒದ್ದೆಯಾಗಿತ್ತು, ಉಗುರಿನಲ್ಲಿ ಮಣ್ಣಿತ್ತು. ಕೂಸು ಉಸಿರಾಡಲೇ ಇಲ್ಲ ಎಂದು ನರ್ಸ್ ಹೇಳಿದಳು. ಹೆಣ್ಣು ಎಂದು ಅತ್ತೆ ಹೇಳಿದರು. ತೋರಿಸಿ ಎಂದು ನಾನು ಕೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು. “ನೋಡದಿದ್ದದ್ದ ಚಲೋ ಆತವಾ. ನೋಡಿದ್ರ ಮರಿಯಾಕ ಆಗತಿದ್ದಿಲ್ಲ” ಎಂದರು ಹಿರಿಯರು. ಮಾಳು, ಮರೆಯೋಣವೆಂದರೂ ನನ್ನ ಹತ್ತಿರ ಒಂದು ಮುಖವಿಲ್ಲ. ಅವಳನ್ನು ಎತ್ತಿಕೊಂಡವನು ನೀನೊಬ್ಬನೇ. ಅದನ್ನು ಒಬ್ಬನೇ ಹೊತ್ತುಕೊಂಡು ಕುರಿಗಳ ಹಿಂದೆ ಹೊರಟುಬಿಟ್ಟೆ, ಸಿಟ್ಟಿಲ್ಲ ನನಗೆ. ತಲೆಯಲ್ಲಿ ಕೂದಲಿತ್ತೇ? ಮುಷ್ಟಿ ಕಟ್ಟಿದ್ದಳೇ? ಯಾರ ಹಾಗಿದ್ದಳು? ಇದಕ್ಕೆ ಉತ್ತರ ಬರೆದು ಹೊಳೆಪ್ಪನ ಕೈಯಲ್ಲಿ ಕಳಿಸಬೇಡ. ಹಿಂಡು ಕಾಯಲು ಸತ್ಯಪ್ಪ ಕಾಕಾ ಬರುತ್ತಾನೆ, ಕೇಳಿದ್ದೇನೆ. ನೀನು ಬಾ. ಬಂದು ಹೇಳು.