ಬೆರಳಲ್ಲಿ ಸುತ್ತಿಟ್ಟ ನಟ್ಟು

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಈ ಅತ್ತೆಯ ಮೇಲೆ ಮುನಿಸಿಕೊಳ್ಳಬೇಡ. ನಿನಗೆ ಮತ್ತೆ ಮದುವೆ ಗೊತ್ತಾಗಿದೆ ಎಂದು ಓದಿ ನಿಜಕ್ಕೂ ಸಂತೋಷಪಟ್ಟೆ. ನನ್ನ ಮಗ ಹೋಗಿ ಮೂರು ವರ್ಷವಾಗುತ್ತ ಬಂತು. ಚಿಕ್ಕ ವಯಸ್ಸಿನ ನೀನು ಅವನ ನೆನಪಿನಲ್ಲೇ ಸವೆಯಬೇಕೆಂದು ನಾವು ಯಾವತ್ತೂ ಬಯಸಿದವರಲ್ಲ.

ಕಾಗದ ಓದಿ ಹೇಳಿದಾಗ ನಿನ್ನ ಮಾವ ‘ಒಳ್ಳೇದಾಯ್ತು’ ಎಂದಷ್ಟೇ ಅಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲ ಶೆಡ್ಡಿನ ಬಾಗಿಲು ಕಿರುಗುಟ್ಟಿತು. ಅವನು ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಹೋಗಿ ನೋಡಿದರೆ, ಅವನ ಹಳೇ ಕಾರಿನ ಮುಸುಕು ಸರಿಸಿ, ಬಾನೆಟ್ ಎತ್ತಿ ನಿಂತಿದ್ದಾರೆ.

ಆ ಕಾರು ನಿನಗೆ ಗೊತ್ತೇ ಇದೆ. ವಯಸ್ಸಿನಲ್ಲೂ ಹಟದಲ್ಲೂ ನಿನ್ನ ಮಾವನಿಗೆ ಸರಿಜೋಡಿ. ಹಳಸಿದ ಪೆಟ್ರೋಲ್ ಬಸಿದು ಒಂದಿಷ್ಟು ಹೊಸದು ಸುರಿದು, ಹೊಸ ಬ್ಯಾಟರಿ ಹಾಕಿದ ಮೇಲೆ ಕೆಮ್ಮುತ್ತ ಕೆಮ್ಮುತ್ತ ಸ್ಟಾರ್ಟೇನೋ ಆಯಿತು. ಆದರೆ ನಿಂತಲ್ಲಿ ಜ್ವರ ಬಂದವರ ಹಾಗೆ ಗಡಗಡ ನಡುಗುವುದು. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುವುದು, ಬಿಟ್ಟರೆ ಮತ್ತೆ ಅದೇ ರಾಗ. ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ಪಂಪು ಜೋಡಿಸಿದವರು, ಸುಮ್ಮನೆ ಬಿಡುತ್ತಾರೆಯೇ? ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು, ಕಾರ್ಬುರೇಟರಿನ ಸಣ್ಣ ತೂತುಗಳನ್ನು ಊದಿ ಊದಿ ಶುಚಿ ಮಾಡಿದರು. ಊಹೂಂ. ಮಗ ರಿಪೇರಿ ಮಾಡುವಾಗ ನೀನು ಕೂರುತ್ತಿದ್ದ ಡ್ರೈವರ್ ಸೀಟಿನಲ್ಲಿ ಈ ಸಲ ನಾನು ಕೂತಿದ್ದೆ. ಒತ್ತು ಅಂದಾಗ ಒತ್ತುವುದು, ಬಿಡು ಅಂದಾಗ ಬಿಡುವುದು. ನನ್ನ ಕಾಲು ಭಾರವಂತೆ, ‘ಹಿಟ್ಟು ನಾದ್ತಿದೀಯೇನೇ?’ ಎಂದು ಕೇಳಿದರು. ಬಹಳ ದಿನಗಳ ಮೇಲೆ ನಕ್ಕೆ.

ಕೊನೆಗೆ, ಎಲ್ಲಿಂದಲೋ ಗಾಳಿ ಒಳಗೆ ನುಗ್ಗುತ್ತಿದೆ ಎಂದರು. ಎಂಜಿನ್ ಓಡುತ್ತಿರುವಾಗಲೇ ಕಾರ್ಬುರೇಟರಿನ ಬುಡದ ಸುತ್ತ ಹನಿ ಹನಿಯಾಗಿ ಎಣ್ಣೆ ಬಿಡುತ್ತ ಬಂದರು. ಒಂದು ಮೂಲೆಯಲ್ಲಿ ಎಣ್ಣೆ ಬಿದ್ದದ್ದೇ ತಡ, ಸಂದು ಮುಚ್ಚಿ ನಡುಕ ತಗ್ಗಿತು. ಎಂಜಿನ್ ನಿಲ್ಲಿಸಲು ಹೇಳಿ ಅಲ್ಲಿದ್ದ ನಟ್ಟನ್ನು ಮುಟ್ಟಿ ನೋಡಿದರು. ಸ್ಪ್ಯಾನರೇ ಬೇಕಾಗಲಿಲ್ಲ, ಬೆರಳಿಗೇ ತಿರುಗಿತು.

ಅವರ ಮುಖ ಕಂಡು ನಾನು ಕೆಳಗಿಳಿದೆ.

“ಅವನು ಇದನ್ನ ಕೈಯಲ್ಲಿ ಸುತ್ತಿಟ್ಟು ಹೋಗಿದಾನೆ ಕಣೇ,” ಎಂದರು. “ಬಂದು ಬಿಗಿ ಮಾಡೋಣ ಅಂತಿದ್ದ ಅನ್ಸುತ್ತೆ.”

ಆ ಕೊನೆಯ ಸಂಜೆ ಕತ್ತಲಾಯಿತೆಂದು ಕಾರಿನ ಕೆಲಸ ಬಿಟ್ಟು ಎದ್ದಿದ್ದನಲ್ಲ, ಮರುದಿನ ಸೇತುವೆ ಕಟ್ಟುವಲ್ಲಿಗೆ ಹೋದವನು ಮೇಲಿಂದ ಬಿದ್ದ. ಆ ನಟ್ಟು ಹಾಗೇ ಉಳಿದಿತ್ತು. ಮಾವ ಸ್ಪ್ಯಾನರ್ ಹಿಡಿದು ಬಹಳ ಹೊತ್ತು ನಿಂತರು. ಬಿಗಿದರೆ ಮಗನ ಕೈ ಅಲ್ಲಿಂದ ಹೋದಂತೆಯೇ ಅಲ್ಲವೇ? ನಡುಗಿದರೆ ನಡುಗಲಿ, ಬಿಟ್ಟುಬಿಡಿ ಎಂದೆ ನಾನು.

“ಅರ್ಧಂಬರ್ಧ ಕೆಲಸ ಅವನಿಗೂ ಆಗ್ತಿರ್ಲಿಲ್ಲ,” ಎಂದು ಬಿಗಿ ಮಾಡಿದರು.

ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಿಂತಲ್ಲೇ ಸಣ್ಣಗೆ ಗುನುಗತೊಡಗಿತು. ನಿನ್ನ ಮಾವ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಅತ್ತರು. ಮಣ್ಣು ಮಾಡಿದ ದಿನವೂ ಅಳದವರು. ನಾನು ಪಕ್ಕದಲ್ಲಿ ಕೂತೆ. ಪೆಟ್ರೋಲ್ ಮುಗಿದು ಅದು ತಾನಾಗಿ ನಿಲ್ಲುವವರೆಗೂ ಇಬ್ಬರೂ ಏಳಲಿಲ್ಲ.

ನಿನ್ನ ಹೊಸ ಮನೆ ನಗುವಿನಿಂದ ತುಂಬಲಿ, ಮಗಳೇ. ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಕೈಹಿಡಿಯುವ ಹುಡುಗನಿಗೂ ನಮ್ಮಿಬ್ಬರ ಆಶೀರ್ವಾದ ತಿಳಿಸು.

ಎಂದೆಂದಿಗೂ ನಿನ್ನ,
ಅತ್ತೆ

ತಾ.ಕ.: ಮದುವೆಗೆ ಇಬ್ಬರೂ ಬರಲೇಬೇಕೆಂದು ಬರೆದಿದ್ದೀಯ. ಮಾವ ಬರುತ್ತಾರೆ. ನನ್ನ ಕೈಲಾಗದು. ನಿನ್ನ ಮೇಲೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ನೀನು ಎದುರಿಗೆ ಬಂದಾಗಲೆಲ್ಲ ನನ್ನ ಕಣ್ಣು ನಿನ್ನ ಬೆನ್ನ ಹಿಂದೆ ಹೋಗುತ್ತದೆ, ಅವನೂ ಬರುತ್ತಿದ್ದಾನೇನೋ ಎಂದು. ಅವತ್ತು ನಿನ್ನ ಪಕ್ಕದಲ್ಲಿ ನಿಲ್ಲುವ ಹುಡುಗ, ಪಾಪ, ಅದನ್ನು ನನ್ನ ಮುಖದಲ್ಲಿ ಓದಿಬಿಡುತ್ತಾನೆ.