ಬಸ್ಸಿನೊಳಗಿನ ಜಡತ್ವ

18-1-82, ಸೋಮವಾರ
ಇವತ್ತೂ ಲಕ್ಷ್ಮೇಶ್ವರದಿಂದ ಅಡರಕಟ್ಟಿವರೆಗೆ ನಿಂತೇ ಬಂದೆ. ಸೊಂಟ ಸತ್ತುಹೋಗಿದೆ. ಏಳನೇ ತರಗತಿಗೆ ಜಡತ್ವದ ಪಾಠ. ಓಡುವ ವಸ್ತು ಯಾರಾದರೂ ತಡೆಯುವವರೆಗೆ ಓಡುತ್ತಲೇ ಇರುತ್ತದೆ — ಮಕ್ಕಳಿಗೆ ಆಕಳಿಕೆ, ನನಗೂ. ಕೊನೆಗೆ ಹುಡುಗಿಯರನ್ನು ಬಸ್ಸಿನಂತೆ ಸಾಲಾಗಿ ಓಡಿಸಿ, ನಾನೇ ಡ್ರೈವರ್ ಆಗಿ "ಬ್ರೇಕ್!" ಅಂದೆ. ಮುಂದಕ್ಕೆ ಮುಗ್ಗರಿಸಿ ನಕ್ಕರು. ಕಾಲು ಬಸ್ಸಿನ ಜೊತೆ ನಿಂತಿತು, ಮೈ ಓಡುತ್ತಲೇ ಇತ್ತು — ದಿಲಶಾದಬಿ ಒಮ್ಮೆಗೇ ಅರ್ಥ ಹಿಡಿದಳು. ಇವಳೊಬ್ಬಳಾದರೂ ಲಕ್ಷ್ಮೇಶ್ವರದ ಹೈಸ್ಕೂಲು ಸೇರಬೇಕು.

20-1-82
ದಿಲಶಾದಬಿಯ ಕಣ್ಣು ಕೆಂಪು. "ನಮ್ಮಪ್ಪ ಹೈಸ್ಕೂಲ ಬ್ಯಾಡ ಅಂದಾನ್ರಿ ಅಕ್ಕೋರ." ಮನೆಯಲ್ಲಿ ಪಾಠ ಗಟ್ಟಿಯಾಗಿ ಓದಿದ್ದಾಳೆ. ಬಸ್ಸು ಗಕ್ಕನೆ ನಿಂತರೆ ನಿಂತವರು ಮುಂದಿನವರ ಮೈಮೇಲೆ ಬೀಳುತ್ತಾರೆ... ಅಪ್ಪ ಫಕೀರಸಾಬರ ಕಿವಿಗೆ ಬಿದ್ದಿದೆ; ಹೈಸ್ಕೂಲಿಗೆ ಹೋಗಲು ಬಸ್ಸೇ ಗತಿ. ಅಲ್ಲಿಗೆ ಮುಗಿಯಿತು. ನಾನೇ ಕೊಟ್ಟ ಉದಾಹರಣೆ! ಎತ್ತಿನ ಚಕ್ಕಡಿ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

23-1-82, ಶನಿವಾರ
ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಫಕೀರಸಾಬರು ಗಾದಿ ಹೊಲಿಯುತ್ತಿದ್ದರು. ಚಾ ತರಿಸಿದರು.
"ಬ್ರೇಕ್ ಹಾಕಿದ್ರ ಬೀಳೂದು ಖರೆ ಏನ್ರಿ, ಅಕ್ಕೋರ?"
"ಖರೆ."
"ಗಂಡಸರ ಮ್ಯಾಲೆ?"
ಸುಳ್ಳು ಹೇಳಲಾಗಲಿಲ್ಲ. "ಕುಂತಾಕಿ ಹಂಗ ಬೀಳೂದಿಲ್ರಿ. ನಾ ಬರೂ ಬಸ್ಸ ಇಲ್ಲಿಂದನ ತಿರುಗಿ ಲಕ್ಷ್ಮೇಶ್ವರಕ್ಕ ಹೋಗತೈತಿ. ನನ್ನ ಸೀಟ ಆಕಿಗೆ ಬಿಟ್ಟ ಇಳೀತೇನಿ. ಸಂಜಿ ಬಸ್ಸ ಖಾಲಿ ಇರತೈತಿ."
ಬಹಳ ಹೊತ್ತು ಸೂಜಿ ಆಡಿಸಿದರು. "ಕುಂತ ಹೋದ್ರ ಕಳಸ್ತೀನ್ರಿ. ಒಂದ ದಿನ ನಿಂತ್ಲಂದ್ರೂ ಸಾಲಿ ಬಂದ್."
ಒಪ್ಪಿಬಿಟ್ಟೆ. ಇನ್ನು ದಿನಾ ಸೀಟಿಗೆ ಓಡಬೇಕು... ಈ ಸೊಂಟ ಇಟ್ಟುಕೊಂಡು!

7-6-82, ಸೋಮವಾರ
ದಿಲಶಾದಬಿ ಪಾಸಾಗಿದ್ದಳು. ಇವತ್ತು ಹೈಸ್ಕೂಲಿನ ಮೊದಲ ದಿನ. ಲಕ್ಷ್ಮೇಶ್ವರದಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದೆ. ಅಡರಕಟ್ಟಿ ಬಂದು, ವಾಪಸು ಹೋಗುವ ಜನ ನುಗ್ಗಿದರೂ ಏಳಲಿಲ್ಲ. ಕಂಡಕ್ಟರ್ ರಾಮಪ್ಪ ರೇಗಿದ — "ಇಳೀರಿ ಅಕ್ಕೋರ, ಊರ ಬಂತು!" ಅವಳು ಹತ್ತಿದ ಮೇಲೆಯೇ ಜಾಗ ಬಿಟ್ಟು ಇಳಿದೆ. ಫಕೀರಸಾಬರು ಕೆಳಗೆ ನಿಂತು ಕಿಟಕಿ ನೋಡುತ್ತಿದ್ದರು.

ಅಷ್ಟರಲ್ಲಿ ಬಸುರಿ ಹೆಂಗಸೊಬ್ಬಳು ಹತ್ತಿದಳು. ಎಲ್ಲೂ ಜಾಗವಿಲ್ಲ. ದಿಲಶಾದಬಿ ಎದ್ದು ಸೀಟು ಕೊಟ್ಟಳು. ಕೂಡು, ಕೂಡು ಎಂದು ಕೈ ಮಾಡಿದೆ. ನೋಡಲೇ ಇಲ್ಲ. ಕಂಬಿ ಹಿಡಿದು, ಕಾಲು ಅಗಲಿಸಿ, ಸೀಟಿ ಊದುವ ಮೊದಲೇ ತುಸು ಮುಂದಕ್ಕೆ ಬಾಗಿ ನಿಂತಳು. ಬಸ್ಸು ಜಗ್ಗಿತು. ಪಕ್ಕದವರು ಹಿಂದಕ್ಕೆ ವಾಲಿದರು. ಅವಳು ಅಲುಗಲಿಲ್ಲ.

ಬಸ್ಸು ಮರೆಯಾಗುವವರೆಗೆ ಫಕೀರಸಾಬರು ನೋಡುತ್ತ ನಿಂತರು. ಆಮೇಲೆ — "ನಾಳಿಂದ ಸೀಟ ಹಿಡ್ಯಾಕ ಓಡಬ್ಯಾಡ್ರಿ ಅಕ್ಕೋರ."
"ಸಾಲಿ ಬಂದ್ ಏನ್ರಿ?" ಎಂದು ಕೇಳಿದೆ.
"ನಿಂತ ಹೋದ್ಲಲ್ರಿ. ಬೀಳಲಿಲ್ಲ."
ಅಷ್ಟೇ ಹೇಳಿ ಮನೆ ಕಡೆ ಹೋದರು. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಶಾಲೆಯ ಗಂಟೆ ಹೊಡೆಯಿತು. ಏಳಬೇಕಿತ್ತು. ಕಣ್ಣೊರೆಸಿಕೊಂಡು ಎದ್ದೆ.